ಬೆಸುಗೆ ಮೇಸ್ತ್ರಿಯ ಯುದ್ಧನೌಕೆ
ಹಡಗುಕಟ್ಟೆಯ ಬೆಸುಗೆ ಮೇಸ್ತ್ರಿಯ ಎದುರು ಯಾರೂ ಅದನ್ನು ನೌಕಾಪಡೆಯ ಹಡಗು ಎನ್ನುವಂತಿಲ್ಲ, ‘ನಮ್ಮ ಹಡಗು’ ಎನ್ನಬೇಕು. ಇನ್ನೂ ಅರ್ಧ ಕಟ್ಟಿದ ಆ ಯುದ್ಧನೌಕೆಯನ್ನು ಹತ್ತುವವರು, ಇಂಜಿನಿಯರೇ ಆಗಲಿ, ಬೂಟು ಒರೆಸಿಯೇ ಹತ್ತಬೇಕು. ಕ್ಷಿಪಣಿಯ ಕೊಳವೆ ಇಳಿಸುವ ಕ್ರೇನಿನವನಿಗೆ, “ಮೆಲ್ಲಗಪ್ಪಾ, ನಿದ್ದೆ ಬಂದ ಮಗೂನ ಇಳಿಸೋ ಹಾಗೆ ಇಳಿಸು!” ಎಂದು ಕೆಳಗಿನಿಂದಲೇ ಕೂಗು. ಮನೆಯಲ್ಲಿ ಹೆಂಡತಿ ನಲ್ಲಿ ಸೋರುತ್ತಿದೆ ಎಂದರೆ ಸಾಕು, ಹಡಗಿನ ಪುರಾಣ ಬಿಚ್ಚಿಕೊಳ್ಳುತ್ತದೆ. ನಲ್ಲಿ ಸೋರುತ್ತಲೇ ಇರುತ್ತದೆ. ಚಹಾದ ಹೊತ್ತಿನಲ್ಲಂತೂ ಕುಳಿತಲ್ಲೇ ಯುದ್ಧ ಗೆದ್ದು, “ಇದರ ಮೈ ಮುಟ್ಟೋ ಗಂಡು ಇನ್ನೂ ಹುಟ್ಟಿಲ್ಲ, ತಿಳ್ಕೊಳ್ಳಿ” ಎನ್ನುತ್ತಾನೆ. ಮೊನ್ನೆ ಈ ಹಡಗಿಗೆ ನೇಮಕವಾದ ಸಿಬ್ಬಂದಿ ಅದನ್ನು ನೋಡಲು ಬಂದರು. ಬಿಳಿ ಸಮವಸ್ತ್ರದ ಸಾಲಿನಿಂದ ಮೇಸ್ತ್ರಿಯ ಮಗಳೇ ಹೊರಬಂದಳು. ನೌಕಾಪಡೆ ಸೇರಿದರೂ ದಡದ ಕಚೇರಿಯಲ್ಲಿ ಫೈಲು ನೋಡಿಕೊಂಡು ಕ್ಷೇಮವಾಗಿದ್ದಾಳೆಂದು ಅವನು ನೆಮ್ಮದಿಯಿಂದಿದ್ದ ಮಗಳು. “ಅಪ್ಪಾ, ನನ್ನನ್ನ ನಿನ್ನ ಹಡಗಿಗೇ ಹಾಕಿದಾರೆ! ಮೊದಲೇ ಹೇಳಿದ್ರೆ ಬೇಡ ಅಂತೀಯೇನೋ ಅಂತ ಸುಮ್ಮನಿದ್ದೆ.” ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಸಾಲು ಮುಂದೆ ಹೋದ ಮೇಲೆ ಅವನು ಹಡಗಿನ ಗೋಡೆಯ ಮೇಲೆ ಕೈಯಿಟ್ಟು, ಪಕ್ಕದಲ್ಲಿದ್ದ ಇಂಜಿನಿಯರನ್ನು ಮೆಲ್ಲಗೆ ಕೇಳಿದ: “ಸಾರ್, ಈ ತಗಡು ಇಷ್ಟೇ ದಪ್ಪನಾ?”