ನೂರೆಂಬತ್ತು ದಿನದ ತಂಗಿ

ಮೂವತ್ತನಾಲ್ಕು ವರ್ಷ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಅಷ್ಟು ವರ್ಷದಲ್ಲಿ ಕಲಿತದ್ದು ಒಂದೇ ವಿದ್ಯೆ: ಒಂದು ಕಾಗದ ಕೇಳಿದರೆ ಮೂರು ಇಡಬೇಕು, ಸಾಹೇಬನ ಬಾಯಿ ತಾನಾಗಿ ಮುಚ್ಚುತ್ತದೆ. ಈ ವಿದ್ಯೆಯಿಂದಲೇ ನಾನು ಒಬ್ಬ ವಯಸ್ಸಾದ ಹೆಣ್ಣುಮಗಳನ್ನು ಅವಳ ಮನೆಯಿಂದ ಹೊರಗೆ ಹಾಕಿಸಿದೆ. ಮನೆ ಎಂದರೆ ಕಮಲಾಪುರದ ನಮ್ಮ ಮನೆಯ ಹಿಂದಿನ ಕೋಣೆ. ಹೊರಗೆ ಎಂದರೆ ದೇಶದಿಂದಲೇ ಹೊರಗೆ.

ಆಕೆ ನಮ್ಮಲ್ಲಿ ಹನ್ನೊಂದು ವರ್ಷ ಇದ್ದಳು. ಯುರೋಪಿನ ಒಂದು ಚಳಿ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ನನಗಿಂತ ಎರಡು ವರ್ಷ ಚಿಕ್ಕವಳು. ಹಂಪಿಗೆ ಬರುವ ಬಿಳಿಯರ ಬಗ್ಗೆ ನನಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಬಂಡೆ ಹತ್ತಿ ಕೂತು ಸೂರ್ಯ ಮುಳುಗಿದ್ದಕ್ಕೆ ಚಪ್ಪಾಳೆ ಹೊಡೆಯುವ ಜನ. ನಮ್ಮ ಕಡೆಯ ಸೂರ್ಯ ಚಪ್ಪಾಳೆ ಹೊಡೆಸಿಕೊಳ್ಳುವಂಥ ಕೆಲಸ ಏನೂ ಮಾಡುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಕೈಗೆ ಸಿಕ್ಕಿದರೆ ಎರಡು ಬಾರಿಸಬೇಕು ಅನಿಸುತ್ತದೆ. ಈಕೆ ಆ ಜಾತಿಯವಳಲ್ಲ. ಗುಡಿಯೂ ಬೇಕಿರಲಿಲ್ಲ, ಯೋಗವೂ ಬೇಕಿರಲಿಲ್ಲ. ಮೊಣಕಾಲು ನೋವಿತ್ತು, ಬಿಸಿಲು ಬೇಕಿತ್ತು. ಅಲ್ಲಿ ಮನೆ ಬೆಚ್ಚಗಿಡುವುದಕ್ಕೇ ಮುಗಿದುಹೋಗುವ ಪಿಂಚಣಿ ಇಲ್ಲಿ ಬಾಡಿಗೆ, ಊಟ, ಔಷಧಿ ಎಲ್ಲಕ್ಕೂ ಸಾಲುತ್ತಿತ್ತು. ಇದನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ನೇರ ಮಾತು ಹಿಡಿಸಿ ಕೋಣೆ ಕೊಟ್ಟೆ.

ಆಕೆ ಕನ್ನಡ ಕಲಿತದ್ದು ನನ್ನ ಹೆಂಡತಿಯಿಂದ. ನನ್ನ ಹೆಂಡತಿ ಕಂಪ್ಲಿಯವಳು, ಬೈಯುವುದರಲ್ಲಿ ಧಾರಾಳಿ. ಹಾಗಾಗಿ ಈಕೆಗೂ ನಮಸ್ಕಾರ ಬರುವ ಮೊದಲು ಬೈಗುಳ ಬಂದವು. ಹಾಲಿನವಳ ಜೊತೆ ದಿನಾ ಬೆಳಿಗ್ಗೆ ಜಗಳ. "ಇದು ಹಾಲಲ್ಲವಾ, ಕಾಲುವಿ ನೀರು! ನಾಚಿಕಿ ಬರಂಗಿಲ್ಲೇನು ನಿಂಗ?" ಹಾಲಿನವಳು ನಕ್ಕು ಇನ್ನೊಂದು ಅರ್ಧ ಲೋಟ ಸುರಿದು ಹೋಗುತ್ತಿದ್ದಳು. ನಮಗೆ ಮಾತ್ರ ಆ ಅರ್ಧ ಲೋಟ ಯಾವತ್ತೂ ಸಿಕ್ಕಿದ್ದಿಲ್ಲ. ಚಿತ್ತವಾಡ್ಗಿಯ ಟೇಲರ್ ಒಬ್ಬನನ್ನು ಬಿಟ್ಟರೆ ಆಕೆಯ ಅಳತೆಗೆ ಚೂಡಿದಾರ ಹೊಲಿಯಲು ಯಾರಿಗೂ ಬರುತ್ತಿರಲಿಲ್ಲ. ಅವನ ಜೊತೆಗೂ ಜಗಳವೇ. ಸಂಜೆ ಬಾಳೆತೋಟದ ಪಕ್ಕದ ಕಾಲುವೆ ಏರಿಯ ಮೇಲೆ ನಡೆದುಬಂದು, ನನ್ನ ಹೆಂಡತಿಯ ಪಕ್ಕ ಕೂತು ಧಾರಾವಾಹಿ ನೋಡಿ, ಅದರಲ್ಲಿನ ಅತ್ತೆಗೆ ಅವಳ ಜೊತೆ ಸೇರಿ ಶಾಪ ಹಾಕಿ ಏಳುತ್ತಿದ್ದಳು. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು.

ನಮ್ಮ ದೇಶಕ್ಕೆ ಓದಲು ಬರುವವರಿಗೆ ವೀಸಾ ಇದೆ. ವ್ಯಾಪಾರಕ್ಕೆ ಬರುವವರಿಗೆ ಇದೆ, ಆಪರೇಷನ್ ಮಾಡಿಸಿಕೊಳ್ಳಲು ಬರುವವರಿಗೆ ಇದೆ. ವಯಸ್ಸಾಯಿತು, ಇಲ್ಲೇ ಸುಮ್ಮನೆ ಇರುತ್ತೇನೆ ಎನ್ನುವವರಿಗೆ ಇಲ್ಲ. ಆದ್ದರಿಂದ ಆಕೆ ಪ್ರವಾಸಿ. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿದ್ದು, ಒಂದೇ ಕಿರಾಣಿ ಅಂಗಡಿಗೆ ಹೋಗಿ, ಪಕ್ಕದ ದರೋಜಿಯ ಕರಡಿಧಾಮವನ್ನೂ ನೋಡದವಳು ಕಾಗದದ ಮೇಲೆ ಪ್ರವಾಸಿ. ಪ್ರವಾಸಿ ಒಂದೇ ಸಮ ನೂರೆಂಬತ್ತು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ದಿನ ತುಂಬುತ್ತಿದ್ದ ಹಾಗೆ ಕೊಲಂಬೊಗೋ ಕಠ್ಮಂಡುವಿಗೋ ಹೋಗಿ, ಯಾವುದೋ ಅಗ್ಗದ ಲಾಡ್ಜಿನಲ್ಲಿ ಕೆಲವು ದಿನ ಗೋಡೆ ನೋಡಿಕೊಂಡು ಕೂತು ವಾಪಸು ಬರಬೇಕು. ಬಂದ ಮಾರನೆಯ ದಿನ ನಾನು ಕಂಪ್ಯೂಟರ್ ಸೆಂಟರಿಗೆ ಹೋಗಿ, ನಮ್ಮ ಮನೆಯಲ್ಲಿ ಒಬ್ಬ ಪರದೇಶದವರು ಇಳಿದುಕೊಂಡಿದ್ದಾರೆ ಎಂದು ಫಾರಂ ತುಂಬಬೇಕು. ಇಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಆ ಫಾರಂನಲ್ಲಿತ್ತು. ಎಲ್ಲಿಗೂ ಇಲ್ಲ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಆಕೆ ಹೊರಡುವ ದಿನ ನನ್ನ ಹೆಂಡತಿ ಉಡಿ ತುಂಬುತ್ತಿದ್ದಳು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಹಾಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಎಲೆ, ಕುಪ್ಪಸದ ಬಟ್ಟೆ. ಗಂಡ ಇದ್ದಾನೋ, ಸತ್ತಿದ್ದಾನೋ, ಮದುವೆಯೇ ಆಗಿಲ್ಲವೋ, ಏನೂ ಕೇಳದೆ ಮೊದಲ ಸಲವೇ ತುಂಬಿದಳು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳು. ಮತ್ತೆ ಆ ಮನೆಗೆ ಬಂದೇ ಬರುತ್ತಾಳೆ. ಆಕೆ ಆ ಅಕ್ಕಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಕಸ್ಟಮ್ಸಿನವರು ಪ್ರತಿ ಸಲ ಬಿಚ್ಚಿಸಿ ನೋಡುತ್ತಿದ್ದರಂತೆ.

ಎರಡು ವರ್ಷದ ಹಿಂದೆ, ಮತದಾರರ ಪಟ್ಟಿಗೆ ಹೊಸ ಹೆಸರು ಸೇರಿಸುವ ಕೆಲಸದ ಮೇಲೆ ಅಂಗನವಾಡಿ ಟೀಚರ್ ನಮ್ಮ ಮನೆಗೆ ಬಂದರು. ಆಕೆ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹೊಸದಾಗಿ ಬಂದ ಆ ಟೀಚರಿಗೆ ಮಸುಕು ಬೆಳಕಿನಲ್ಲಿ, ತಲೆಗೆ ಸೆರಗಿನಂತೆ ಟವೆಲ್ ಹೊದ್ದ ಮುದುಕಿ ಯಾರೆಂದು ತಿಳಿಯಲಿಲ್ಲ.

"ಈ ಅಮ್ಮಾರು ಯಾರ್ರಿ? ಇವ್ರ ಹೆಸ್ರು ಲಿಸ್ಟಿನ್ಯಾಗ ಇಲ್ಲಲ್ರಿ."

"ನಮ್ಮ ಮನಿಯಾಕೀನ. ಉಡಿ ತುಂಬಿ ಕಳಿಸ್ತೀವಿ ಅಂದ್ಮ್ಯಾಲ ಮನಿ ಮಗಳಲ್ಲೇನು? ಬರ್ಕೋರಿ, ಇವ್ರ ತಂಗಿ ಅಂತ," ಎಂದಳು ನನ್ನ ಹೆಂಡತಿ, ನನ್ನ ಕಡೆ ಗದ್ದ ತೋರಿಸಿ.

ಅಷ್ಟಕ್ಕೇ ನಿಂತಿದ್ದರೆ ಅದು ಹೆಂಗಸರ ಮಾತು, ನಕ್ಕು ಮರೆಯಬಹುದಿತ್ತು. ಟೀಚರ್ ಖಾಲಿ ಫಾರಂ ಕೊಟ್ಟು, ತುಂಬಿ ಕೊಡಿ ಎಂದು ಹೋದರು. ನಾನು ಅದನ್ನು ಮೂಲೆಗೆ ಎಸೆಯಲಿಲ್ಲ. ಮೇಜಿನ ಮೇಲಿಟ್ಟುಕೊಂಡು ಒಂದು ಇಡೀ ಮಧ್ಯಾಹ್ನ ಯೋಚಿಸಿದೆ. ಪಟ್ಟಿಯಲ್ಲಿ ಹೆಸರು ಬಂದರೆ ಒಂದು ಕಾರ್ಡು ಬರುತ್ತದೆ. ಕಾರ್ಡು ಬಂದರೆ ವಿಳಾಸಕ್ಕೊಂದು ದಾಖಲೆಯಾಯಿತು. ನಾಳೆ ಈ ಓಡಾಟ ಆಗದ ಕಾಲಕ್ಕೆ, ನೋಡಿ ಸ್ವಾಮಿ, ಈಕೆ ಇಲ್ಲಿಯವಳು ಎಂದು ತೋರಿಸಬಹುದು. ನನ್ನ ಗುಮಾಸ್ತಿಕೆಯ ಬುದ್ಧಿ ನನಗೇ ಮೆಚ್ಚುಗೆಯಾಯಿತು. ಚೆಂದದ ಅಕ್ಷರದಲ್ಲಿ ತುಂಬಿ, ಆಕೆಯ ವೀಸಾದ ಫೋಟೋ ಒಂದನ್ನು ಅಂಟಿಸಿದೆ. ನಾನು ಭಾರತದ ಪ್ರಜೆ ಎಂದು ಘೋಷಿಸುತ್ತೇನೆ ಎಂಬ ಸಾಲು ಕೆಳಗಿತ್ತು. ಅದನ್ನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ. ಇಂಥ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡೆ. ಸಹಿಯ ಜಾಗದಲ್ಲಿ ಪೆನ್ಸಿಲ್ಲಿನಿಂದ ಗುಣಿಸು ಗುರುತು ಹಾಕಿ ಆಕೆಯ ಮುಂದಿಟ್ಟೆ.

"ಏನಿದು ಅಣ್ಣಾರ?"

"ಮನಿ ಕಾಗದವಾ. ಸಹಿ ಹಾಕು."

ಆಕೆಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದಳು. ನಾನು ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದೆ. ಮೂರು ತಿಂಗಳಿಗೆ ಕಾರ್ಡು ಅಂಚೆಯಲ್ಲಿ ಬಂತು. ತೋರಿಸಿದರೆ ನೂರು ಪ್ರಶ್ನೆ ಕೇಳುತ್ತಾಳೆಂದು ಆಕೆಗೆ ತೋರಿಸದೆ ಫೈಲಿನಲ್ಲಿಟ್ಟೆ.

ಕಳೆದ ವರ್ಷ ಮಳೆಗಾಲದಲ್ಲಿ ಆಕೆ ಕಾಲುವೆ ಏರಿಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹೊಸಪೇಟೆಯಲ್ಲಿ ಆಪರೇಷನ್ ಆಯಿತು, ರಾಡು ಹಾಕಿದರು. ಮೂರು ತಿಂಗಳು ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು. ನೂರೆಂಬತ್ತು ದಿನ ಮುಗಿಯಲು ಇಪ್ಪತ್ತೆರಡು ದಿನ ಬಾಕಿ ಇತ್ತು. ಮಲಗಿದಲ್ಲೇ ಬೆರಳು ಮಡಚಿ ಮಡಚಿ ದಿನ ಎಣಿಸುತ್ತಿದ್ದಳು. "ಅಣ್ಣಾರ, ನಂಗ ಅಲ್ಲಿ ಯಾರೂ ಇಲ್ರಿ. ನನ್ನ ಕಳಿಸಬ್ಯಾಡ್ರಿ," ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡಳು. ಹನ್ನೊಂದು ವರ್ಷದಲ್ಲಿ ಆಕೆ ಏನನ್ನಾದರೂ ಬೇಡಿದ್ದು ಅದೊಂದೇ. ನಾನಿದ್ದೇನಲ್ಲ ಎಂದೆ.

ಹೊಸಪೇಟೆಯ ಕಚೇರಿಯಲ್ಲಿ ಪರದೇಶದವರ ಕಾಗದಪತ್ರ ನೋಡುವ ಅಧಿಕಾರಿ ಸಂಡೂರಿನ ಕಡೆಯ ಹುಡುಗ. ನನ್ನ ಮಗನಾಗುವ ವಯಸ್ಸು. ಕುರ್ಚಿ ತೋರಿಸಿ, ಟೀ ತರಿಸಿದ. ಎದುರಿನ ಮೇಜಿನಲ್ಲಿ ಇನ್ನಿಬ್ಬರು ಗುಮಾಸ್ತರು ಕೂತಿದ್ದರು.

"ಡಾಕ್ಟರ್ ಲೆಟರ್ ಐತಲ್ರಿ ಸರ್, ಎಕ್ಸ್‌ರೇ ಐತಿ. ಇಷ್ಟ ಸಾಕ್ರಿ. ಆರು ತಿಂಗಳು ಎಕ್ಸ್‌ಟೆನ್ಶನ್‌ಗೆ ಬರೀತೀನಿ. ಚಿಂತಿ ಮಾಡಬ್ಯಾಡ್ರಿ."

ಆಗ ಎದ್ದು ಕೈಮುಗಿದು ಬರಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಮನೆಗೆ ಹೋಗಬೇಕಿತ್ತು. ಆದರೆ ಬರೀ ಒಂದು ಕಾಗದಕ್ಕೆ ಕೆಲಸ ಆಗುವುದನ್ನು ನಾನು ಜೀವಮಾನದಲ್ಲಿ ಕಂಡವನಲ್ಲ. ಮೇಲಿನವರು ಅಡ್ಡ ಹಾಕಿದರೆ? ಇನ್ನೊಂದು ಗಟ್ಟಿ ದಾಖಲೆ ಇರಲಿ ಎಂದು ಫೈಲು ಬಿಚ್ಚಿದೆ.

"ಇದನ್ನೂ ಹಚ್ಚಿ ಕಳಸ್ರಿ ಸಾಹೇಬ್ರ. ನಮ್ಮ ಮನಿ ವಿಳಾಸಕ್ಕ ಪಕ್ಕಾ ದಾಖಲಿ."

ಅವನು ಕಾರ್ಡು ಹಿಡಿದುಕೊಂಡು ಫೋಟೋ ನೋಡಿದ. ನನ್ನನ್ನು ನೋಡಿದ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ಇದನ್ನ ಯಾಕ್ ತಂದ್ರಿ ಸರ್?"

ನಾನು ಇನ್ನೂ ನಗುತ್ತಲೇ ಇದ್ದೆ.

"ಪರದೇಶದವ್ರು ಓಟಿನ ಕಾರ್ಡ್ ಮಾಡಿಸಿದ್ರ ಅದು ಅಪರಾಧ ರೀ. ನೀವು ನಂಗ ತೋರಿಸದಿದ್ರ ನಂಗ ಗೊತ್ತಾಗ್ತಿರಲಿಲ್ಲ. ಈಗ ತೋರಿಸೀರಿ. ಎದುರಿಗೆ ಇನ್ನಿಬ್ರು ಕುಂತಾರ, ಅವ್ರೂ ನೋಡ್ಯಾರ. ನಾ ಬರೀದೆ ಇರಾಕ ಬರಂಗಿಲ್ಲ." ಕಾರ್ಡನ್ನು ಮೇಜಿನ ಮೇಲಿಟ್ಟು ಕೇಳಿದ: "ಯಾರು ಮಾಡಿಸಿದ್ದು ಸರ್ ಇದನ್ನ?"

ಇಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ನಾನು ಎನ್ನಬೇಕಿತ್ತು. ಪಿಂಚಣಿ ನೆನಪಾಯಿತು, ಕೋರ್ಟು ನೆನಪಾಯಿತು, ಬೀದಿಯ ಜನ ನೆನಪಾದರು. "ಓಟಿನ ಪಟ್ಟಿಯವ್ರು ಮನಿಮನಿಗೆ ಬಂದಿದ್ರು. ಆಕೀನ ಸಹಿ ಹಾಕ್ಯಾಳ," ಎಂದೆ. ಅದು ಸುಳ್ಳಲ್ಲ. ಅರ್ಜಿಯ ಮೇಲಿದ್ದದ್ದು ಆಕೆಯ ಸಹಿಯೇ. ಅವನು ಹಾಗೆಯೇ ಬರೆದುಕೊಂಡ. ಅವನಿಗೆ ಎಲ್ಲ ಗೊತ್ತಾಗಿತ್ತು ಎಂದೇ ನನಗೆ ಇಂದಿಗೂ ಅನಿಸುತ್ತದೆ.

ಹತ್ತು ದಿನಕ್ಕೆ ಆದೇಶ ಬಂತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು: ವೀಸಾ ನಿಯಮ ಉಲ್ಲಂಘನೆಯಾಗಿದೆ, ಹದಿನೈದು ದಿನದಲ್ಲಿ ದೇಶ ಬಿಡಬೇಕು. ಆ ಹುಡುಗ ಓಡಾಡಿ, ಕಾಲಿನ ಸಲುವಾಗಿ ಹದಿನೈದನ್ನು ಮೂವತ್ತು ಮಾಡಿಸಿದ. ಡಾಕ್ಟರ ಕಾಗದದಿಂದ ಆದ ಉಪಕಾರ ಅಷ್ಟೇ. ಪ್ರಜೆಯಾದ ನನ್ನ ಮೇಲೆ ಏನೂ ಬರಲಿಲ್ಲ. ಆಕೆ ಆದೇಶವನ್ನು ಎರಡು ಸಲ ಓದಿ, ಯಾವ ನಿಯಮ ಎಂದು ಕೇಳಿದಳು. ಬರೆದಿಲ್ಲವಲ್ಲ ಎಂದೆ.

ನನ್ನ ಹೆಂಡತಿಗೆ ಮಾತ್ರ ಎಲ್ಲ ಹೇಳಿದ್ದೆ. ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, "ತಂಗಿ ಅಂತ ಬಾಯಿಲೆ ಅಂದಾಕಿ ನಾನು. ಸಹಿ ಹಾಕಿಸಿದವ್ರು ನೀವು. ಇಬ್ರೂ ಕೂಡಿ ಕೊಂದ್ವಿ," ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಹೋಗಿ ಆಕೆಗೆ ಹೇಳಲೂ ಇಲ್ಲ, ನನಗೆ ಹೇಳೆನ್ನಲೂ ಇಲ್ಲ. ಹೊರಡುವ ದಿನ ಅವಳು ಉಡಿ ತುಂಬುವಾಗ ಅಕ್ಕಿ ಗಾಲಿಕುರ್ಚಿಯ ಸಂದಿಗೆಲ್ಲ ಬಿತ್ತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ದಿಂಬು ಒಡ್ಡಿ ಮಲಗಿಸಿ ಬೆಂಗಳೂರಿಗೆ ಕರೆದೊಯ್ದೆವು. ರಸ್ತೆಯ ಒಂದೊಂದು ತಗ್ಗಿಗೂ ಆಕೆ ಕಂಪ್ಲಿಯ ಬೈಗುಳ ಬೈದಳು. ಡ್ರೈವರ್ ನಕ್ಕ. ನಮಗೆ ನಗು ಬರಲಿಲ್ಲ.

ಈಗ ಆಕೆ ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿದ್ದಾಳೆ. ಕಾಲಿನ ಮೂಳೆ ಕೂಡಿಕೊಳ್ಳಲೇ ಇಲ್ಲ. ಜಗಳವಾಡಲು ಅಲ್ಲಿ ಯಾರೂ ಸಿಗುವುದಿಲ್ಲವಂತೆ, ಎಲ್ಲರೂ ಭಾಳ ಒಳ್ಳೆಯವರಂತೆ. ಭಾನುವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾಳೆ. ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿ ಎರಡು ಸಲವೂ ಇಲ್ಲ ಎನಿಸಿಕೊಂಡಳು. ಇನ್ನು ಸಿಗುವುದಿಲ್ಲ ಎಂದು ಆ ಅಧಿಕಾರಿ ನನಗೆ ಅಂದೇ ಹೇಳಿದ್ದ. ನಾನು ಆಕೆಗೆ ಹೇಳಿಲ್ಲ.

ಕಳೆದ ಭಾನುವಾರ ಮೂರನೆಯ ಅರ್ಜಿ ಎದುರಿಗಿಟ್ಟುಕೊಂಡು ಕೂತಿದ್ದಳು. ನಿಮಗ ಕಾಗದ ಗೊತ್ತು, ನೀವು ಹೇಳಿದಂಗ ತುಂಬತೀನಿ ಎಂದಳು. ಒಂದೊಂದೇ ಕಲಂ ಓದಿದಳು, ನಾನು ಹೇಳುತ್ತ ಹೋದೆ. ಈ ಹಿಂದೆ ಅನುಮತಿ ನಿರಾಕರಿಸಲಾಗಿದೆಯೇ, ಇದ್ದರೆ ಕಾರಣವೇನು ಎಂಬಲ್ಲಿಗೆ ಬಂದು ನಿಂತಳು.

"ಅಣ್ಣಾರ, ನಾ ಭಾಳ ಯೋಚ್ನಿ ಮಾಡೀನ್ರಿ. ಒಂದ್ಸಲ ಬಂದ್ ಆಗಿ, ಬಸ್ ಇಲ್ದ ನಾ ಎರಡು ದಿನ ತಡಾ ಹೋಗಿದ್ನಲ್ಲ? ಅದ ಇರಬೇಕು. ನಂದ ತಪ್ಪು. ಹಂಗ ಬರೀಲೇನ್ರಿ?"

ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ನಲ್ಲಿ ನಿಲ್ಲಿಸಿದಳು.

"ಹೂನವಾ, ಹಂಗ ಬರಿ," ಎಂದೆ.

ಆಕೆ ಕನ್ನಡಕ ಸರಿಮಾಡಿಕೊಂಡು, ನನ್ನ ತಪ್ಪಿನಿಂದ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದಳು. ಬರೆದು ಕಾಗದವನ್ನು ಫೋನಿನ ಹತ್ತಿರ ಹಿಡಿದು, ಸರಿ ಐತೇನ್ರಿ ಎಂದು ಕೇಳಿದಳು. ಸರಿ ಐತಿ ಎಂದೆ.