ಬೋಲ್ಟಿನ ಮೇಲಿನ ಕೆಂಪು ಗೆರೆ

ಕಾರಿನ ಅಡಿಯಲ್ಲಿ ಅಂಗಾತ ಮಲಗಿದರೆ ಲೋಕದ ಸದ್ದೆಲ್ಲ ದೂರವಾಗುತ್ತದೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವ ಯಂತ್ರಗಳು ದಿನವಿಡೀ ಗುಂಯ್‌ಗುಡುತ್ತವೆ. ಆ ಭಾನುವಾರ ಮಧ್ಯಾಹ್ನ ಅದೂ ಅರೆನಿದ್ದೆಯಲ್ಲಿ ಕೇಳಿದಂತಿತ್ತು. ನನ್ನ ಮೂಗಿನ ನೇರಕ್ಕೆ, ಎಂಜಿನ್ ಆಯಿಲ್ ತುಂಬಿದ ಚೇಂಬರಿನ ತಳದಲ್ಲಿ, ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ಇತ್ತು. ಅದರ ತಲೆಯಿಂದ ಚೇಂಬರಿನವರೆಗೆ ಒಂದು ಸಣ್ಣ ಕೆಂಪು ಗೆರೆ.

ಕುಂಕುಮ ಅಂದುಕೊಂಡೆ. ನಮ್ಮ ಕಡೆ ಕುಂಕುಮ ಕಾಣದ ಯಂತ್ರವೇ ಇಲ್ಲ. ಹಿಟ್ಟಿನ ಗಿರಣಿಗೂ ಉಂಟು, ನೀರಿನ ಮೋಟಾರಿಗೂ ಉಂಟು. ಹಿಂದಿನ ದಿನ ಆಯಿಲ್ ಬದಲಿಸಿಕೊಟ್ಟ ಮೆಕ್ಯಾನಿಕ್ ದೇವರ ಮೇಲೆ ಭಾರ ಹಾಕಿ ಕೈತೊಳೆದುಕೊಂಡಿದ್ದಾನೆ ಎಂದು ಸಿಟ್ಟು ಬಂತು.

ನಾನು ಹುಟ್ಟಾ ಅನುಮಾನದವಳು. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ಆಮೇಲೆ ಬೀದಿಯ ಕೊನೆಯಿಂದ ವಾಪಸ್ಸು ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಅವನು ಎಂಟು ವರ್ಷದಿಂದ ನನ್ನ ಕಾರು ನೋಡುತ್ತಿದ್ದ, ಬಾಯ್ತುಂಬ ಅಕ್ಕ ಎನ್ನುತ್ತಿದ್ದ. ಆದರೆ ಬೋಲ್ಟ್ ಹಾಕುವಾಗ ಫೋನಿನಲ್ಲಿ ಹರಟುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಉದ್ದ ಹಿಡಿಯ ಸ್ಪ್ಯಾನರ್ ತಂದು, ಹಲ್ಲು ಕಚ್ಚಿ ಇನ್ನಷ್ಟು ಬಿಗಿದೆ. ಮೊದಲು ಗಟ್ಟಿಯಿದ್ದ ಬೋಲ್ಟ್ ಕೊನೆಗೆ ಸಲೀಸಾಗಿ ತಿರುಗಿತು. ಎಷ್ಟು ಚೆನ್ನಾಗಿ ಕೂತಿತು ಎಂದು ಹಿಗ್ಗಿ ಕೈ ತೊಳೆದುಕೊಂಡೆ.

ಗುರುವಾರ ಬೆಳಗ್ಗೆ, ನಾನು ಪಾಠ ಹೇಳುವ ಶಾಲೆಗೆ ಹೋಗುತ್ತಾ ಬೈರಾಪಟ್ಟಣದ ತೆಂಗಿನ ತೋಟಗಳ ನಡುವೆ ಇದ್ದೆ. ಗರಿಗಳ ಸಂದಿಯ ಬಿಸಿಲು ಗಾಜಿನ ಮೇಲೆ ಹರಿದಾಡುತ್ತಿತ್ತು. ಆ ಬೆಳಕಿನಲ್ಲಿ ಮೈಮರೆತಿದ್ದವಳಿಗೆ ಮೀಟರಿನ ಕೆಂಪು ಆಯಿಲ್ ದೀಪ ಹತ್ತಿದ್ದು ಎಷ್ಟು ಹೊತ್ತಿಗೆ ಕಂಡಿತೋ. ಇಳಿದು ನೋಡಿದರೆ ರಸ್ತೆಯುದ್ದಕ್ಕೂ ಹನಿ ಹನಿ ಆಯಿಲ್ ನನ್ನನ್ನೇ ಹಿಂಬಾಲಿಸಿಕೊಂಡು ಬಂದಿತ್ತು.

ಮೆಕ್ಯಾನಿಕ್‌ಗೆ ಫೋನ್ ಮಾಡಿ, "ನಿನ್ನ ನಂಬಿದ್ದೇ ತಪ್ಪಾಯ್ತು. ಬೋಲ್ಟ್ ಸಡಿಲ ಬಿಟ್ಟಿದೀಯ" ಎಂದೆ. "ಅಲ್ಲೇ ಇರಿ ಅಕ್ಕ, ಬತ್ತೀನಿ" ಎಂದಷ್ಟೇ ಅಂದ. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಶಾಲೆಯ ವ್ಯಾನಿನ ರಿಪೇರಿಯನ್ನು ಅವನಿಗೇ ವಹಿಸೋಣ ಎಂದು ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ನಾನೇ ಹೇಳಿದ್ದೆ. ಅವರು ಹೂಂ ಅಂದಿದ್ದರು. ಅವನು ಅದನ್ನೇ ನಂಬಿ, ವ್ಯಾನು ನಿಲ್ಲುವಂತೆ ತನ್ನ ಗ್ಯಾರೇಜಿನ ಸೂರಿಗೆ ಹೊಸ ತಗಡು ಹಾಕಿ ಎತ್ತರಿಸಿದ್ದ. ಅವರಿಗೆ ಫೋನ್ ಮಾಡಿ, "ಅವನಿಗೆ ಬೇಡ ಮೇಡಂ, ಮಕ್ಕಳು ಓಡಾಡೋ ಗಾಡಿ" ಎಂದುಬಿಟ್ಟೆ.

ಅವನು ಬಂದವನೇ ಗೋಣಿತಾಟು ಹಾಸಿ ಕಾರಿನಡಿ ನುಸುಳಿದ. ಬೋಲ್ಟನ್ನು ಬಟ್ಟೆಯಿಂದ ಒರೆಸಿ ನೋಡಿದ.

"ಒಸಿ ಬಗ್ಗಿ ನೋಡಿ ಅಕ್ಕ. ಈ ಕೆಂಪು ಗೆರೆ ಐತಲ್ಲ, ನಮ್ಮನೇಲಿ ಬೊಂಬೆಗೆ ಬಾಯಿ ಬರೆಯೋ ಪೇಂಟು. ಬಿಗಿ ಮಾಡಿದ್ಮೇಲೆ ನಾನು ಎಳೀತೀನಿ. ಅರ್ಧ ಬೋಲ್ಟಿನ್ ಮ್ಯಾಲೆ, ಅರ್ಧ ಚೇಂಬರ್ ಮ್ಯಾಲೆ. ಗೆರೆ ಒಂದಾಗಿದ್ರೆ ಬೋಲ್ಟು ಅಳ್ಳಾಡಿಲ್ಲ ಅಂತ."

ಗೆರೆ ಎರಡು ತುಂಡಾಗಿತ್ತು.

"ಬಿಚ್ಚೋ ಕಡೀಕೆ ತಿರುಗಿಲ್ಲ. ಬಿಗಿಯೋ ಕಡೀಕೆ ತಿರುಗೈತೆ. ಯಾರೋ ಜೋರಾಗಿ ಬಿಗ್ದವ್ರೆ, ಒಳಗಿನ ಥ್ರೆಡ್ಡು ತಿಂದೋಗಿ ಆಯಿಲ್ ಸೋರೈತೆ."

ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು.

"ನಾನೇ ಕಣೋ. ಅದನ್ನ ಕುಂಕುಮ ಅಂದ್ಕೊಂಡಿದ್ದೆ" ಎಂದೆ.

ಅವನೆದುರೇ ಮುಖ್ಯೋಪಾಧ್ಯಾಯಿನಿಯವರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. "ತಪ್ಪು ನನ್ನದು ಮೇಡಂ, ವ್ಯಾನು ಅವನಿಗೇ ಕೊಡಿ."

"ಅಯ್ಯೋ, ನೀವು ಹೇಳಿದ ತಕ್ಷಣ ರಾಮನಗರದ ಗ್ಯಾರೇಜಿನವರಿಗೆ ಮಾತು ಕೊಟ್ಟುಬಿಟ್ಟೆನಲ್ಲ" ಎಂದರು.

ಬೊಂಬೆಯ ಬಾಯಿ ಬರೆಯುವಷ್ಟು ಹೊತ್ತಿನಲ್ಲಿ ನಾನು ಆಡಿದ ಒಂದು ಮಾತು ಅಷ್ಟು ದೂರ ಹೋಗಿಬಿಟ್ಟಿತ್ತು. ಅವನು ಗೋಣಿತಾಟು ಕೊಡವಿ ಮಡಚಿಕೊಂಡ. ಆಮೇಲೆ, "ಒಸಿ ಸರ್ಕೊಳ್ಳಿ ಅಕ್ಕ, ಗಾಡಿ ಎಳ್ಕೊಂಡೋಗಕ್ಕೆ ಹಗ್ಗ ಕಟ್ಬೇಕು" ಎಂದ.

ಎರಡು ದಿನ ಬಿಟ್ಟು ಗ್ಯಾರೇಜಿಗೆ ಹೋದೆ. ಹೊಸ ಚೇಂಬರು, ಹೊಸ ಬೋಲ್ಟು, ಹೊಸ ವಾಷರು ಕೂತಿದ್ದವು, ಕೊನೆಯ ಬಿಗಿ ಮಾತ್ರ ಬಾಕಿಯಿತ್ತು. ಅವನು ಗಿಡ್ಡ ಸ್ಪ್ಯಾನರ್ ನನ್ನ ಕೈಗಿಟ್ಟು ಕಾರಿನಡಿ ಮಲಗಲು ಹೇಳಿದ. ತಿರುಗಿಸುತ್ತಾ ಹೋದೆ, ವಾಷರು ಕಚ್ಚಿತು, ಕೈಗೆ ಬಿಗಿ ತಟ್ಟಿತು. ಇನ್ನೊಂದು ಚೂರು ಎಂದು ರಟ್ಟೆ ತುಡಿಯಿತು.

"ಸಾಕು ಬುಡಿ ಅಕ್ಕ" ಎಂದ ಪಕ್ಕದಿಂದ.

ಬಿಟ್ಟೆ. ನನಗೆ ಅದು ಎಷ್ಟು ಕಷ್ಟವಾಯಿತೆಂದು ಅವನಿಗೆ ಗೊತ್ತಿತ್ತು ಅನಿಸುತ್ತದೆ. ಪುಟ್ಟ ಕುಂಚ ಕೊಟ್ಟ, ಗೆರೆಯನ್ನು ನಾನೇ ಎಳೆದೆ, ಸ್ವಲ್ಪ ಸೊಟ್ಟಗೆ. ಹೊರಗೆ ತೆವಳಿ ಬಂದು ಹಾಗೇ ನೆಲದ ಮೇಲೆ ಕೂತು ಕತ್ತೆತ್ತಿದೆ. ವ್ಯಾನಿಗೆಂದು ಎತ್ತರಿಸಿದ ಹೊಸ ತಗಡು ಬಹಳ ಮೇಲಿತ್ತು. ಅದರ ಕೆಳಗೆ ನನ್ನ ಪುಟ್ಟ ಕಾರೊಂದೇ ನಿಂತಿತ್ತು.