ಫ್ರಿಜ್ಜಿನಲ್ಲಿಟ್ಟ ಬೆಕ್ಕಿನ ಔಷಧ

ದಾಂಡೇಲಿಯ ನಮ್ಮ ಓಣಿ ಮಹೆಜಬೀನಳಿಗೆ ಒಂದು ಮಾತು ಬಾಕಿ ಉಳಿಸಿಕೊಂಡಿದೆ. ಇವತ್ತಿಗೂ ತೀರಿಸಿಲ್ಲ.

ಅವಳ ಪಕ್ಕದ ಮನೆಯ ಶಿವವ್ವ ಯಾರನ್ನೂ ನಂಬುವ ಹೆಂಗಸಲ್ಲ. ಗುತ್ತಿಗೆದಾರನ ಕೈಕೆಳಗೆ ಬಿದಿರು ಹೊತ್ತು ಹೆಗಲು ಸವೆಸಿದವಳು. ಜೊತೆಗೆ ಕೂತು ಚಹಾ ಕುಡಿದವರೇ, ಕೂಲಿಗಾಗಿ ನಾವು ಹೂಡಬೇಕೆಂದಿದ್ದ ಮುಷ್ಕರದ ಸುದ್ದಿಯನ್ನು ಅವನಿಗೆ ಮುಟ್ಟಿಸಿದ್ದನ್ನು ಕಂಡವಳು. ಅಂದಿನಿಂದ ಹಾಲಿನವನ ಲೀಟರನ್ನೂ ತನ್ನ ಪಾತ್ರೆಗೆ ಸುರಿದು ಅಳೆಯುತ್ತಾಳೆ. ಅನುಮಾನವಿಲ್ಲದೆ ಹತ್ತಿರ ಬಿಟ್ಟುಕೊಂಡ ಜೀವ ಒಂದೇ, ಕರ್ಯಾ ಎಂಬ ಬೆಕ್ಕು.

ಕರ್ಯಾನಿಗೆ ಸಕ್ಕರೆ ಕಾಯಿಲೆ ಬಂತು. ಬೆಳಗ್ಗೆ, ಸಂಜೆ, ಉಣಿಸಿದ ಮೇಲೆ ಇನ್ಸುಲಿನ್ ಚುಚ್ಚಬೇಕೆಂದರು ಹಳಿಯಾಳದ ದನದ ಡಾಕ್ಟರು ಸಹನಾ. ಶಿವವ್ವ ಕಲಿತಳು. ಬೆಕ್ಕನ್ನು ತೊಡೆಗಳ ನಡುವೆ ಒತ್ತಿಕೊಂಡು, ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಎತ್ತಿ ಸೂಜಿ ಇಳಿಸುತ್ತಿದ್ದಳು. ಪರಚಿಸಿಕೊಂಡಳು, ಬಿಡಲಿಲ್ಲ. ಆದರೆ ಔಷಧ ತಂಪಿನಲ್ಲಿರಬೇಕು, ಅವಳ ಮನೆಯಲ್ಲಿ ಫ್ರಿಜ್ ಇಲ್ಲ. ಸೀಸೆ ಮಹೆಜಬೀನಳ ಮನೆ ಸೇರಿತು. ಮಾಂಸ ಬೇಯುವ ಅಡುಗೆಮನೆಗೆ ಶಿವವ್ವ ಕಾಲಿಡುವವಳಲ್ಲ. ಹೊಸ್ತಿಲಲ್ಲಿ ನಿಂತು ಕೂಗಿದರೆ ಮಹೆಜಬೀನ ತಂದು ಕೊಡುತ್ತಿದ್ದಳು.

ಬೆಕ್ಕು ಸುಧಾರಿಸಲಿಲ್ಲ. ಹಿಂಗಾಲು ಎಳೆಯತೊಡಗಿತು. ಒಂದು ಸಂಜೆ ಶಿವವ್ವ ಹೊಸ್ತಿಲಲ್ಲೇ ಸೀಸೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಬಿಳಿ ಚೂರುಗಳು.

“ಖರೇ ಹೇಳ, ಇದರಾಗ ಏನ ಹಾಕೀದಿ?”

“ಅಲ್ಲಾನ ಆಣಿ ಅಕ್ಕಾ, ನಾ ಏನೂ ಹಾಕಿಲ್ಲ.”

ಎದುರು ಮನೆಯ ಅನ್ನಪೂರ್ಣಾ ಕಟ್ಟೆಯ ಮೇಲಿಂದಲೇ ಕೂಗಿದಳು: “ಆ ಬೆಕ್ಕ ಆಕಿ ಕೋಳಿಮರಿ ಹೊತ್ಕೊಂಡ ಹೋಗಿತ್ತಲ್ಲ, ಲೆಕ್ಕಾ ಚುಕ್ತಾ ಮಾಡ್ಯಾಳ! ಅವರ ಮನ್ಯಾಗ ಯಾಕ ಇಟ್ಟಿದ್ರಿ?”

ಅಷ್ಟು ಸಾಕಾಯಿತು. ಕಿಟಕಿಗಳಲ್ಲಿ ನಿಂತು ಕೇಳಿದ ಓಣಿಯವರ ಬಾಯಲ್ಲಿ ಮಹೆಜಬೀನ ವಿಷ ಹಾಕಿದವಳಾದಳು.

ಮರುದಿನ ಶಿವವ್ವ ಬೆಕ್ಕನ್ನೂ ಸೀಸೆಯನ್ನೂ ಚೀಲದಲ್ಲಿಟ್ಟು ಹಳಿಯಾಳದ ಬಸ್ಸು ಹತ್ತಿದಳು.

“ಯಾರೂ ಏನೂ ಹಾಕಿಲ್ಲಬೇ,” ಅಂದರು ಸಹನಾ. “ಇದು ಹೆಪ್ಪುಗಟ್ಟಿ ಬರ್ಫ ಆಗಿ ಕರಗೇತಿ, ಸತ್ವ ಹೋಗೇತಿ. ಫ್ರಿಜ್ಜಿನ್ಯಾಗ ಎಲ್ಲಿ ಇಟ್ಟಿದ್ರಿ?”

ಶಿವವ್ವನಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ನೋಡಿದ್ದರೆ ತಾನೆ?

ಹೊಸ ಸೀಸೆ ಹಿಡಿದು ಬಂದವಳು ಅದನ್ನೇ ಕೇಳಿದಳು. ಮಹೆಜಬೀನ ಅಳಲಿಲ್ಲ, ಸಿಟ್ಟಿನಲ್ಲೇ ಹೇಳಿದಳು: “ಕೆಳಗ ಗೋಷ್ ಇರತೈತಿ. ನಿಮಗ ನಡ್ಯಂಗಿಲ್ಲಂತ ಮ್ಯಾಲ ಬರ್ಫದ ಖಾನ್ಯಾಗ ಬ್ಯಾರೇನ ಇಟ್ಟಿದ್ದೆ. ನೀವ ಬರೂ ಮೊದಲ ತಗದು ಕರಗಸ್ತಿದ್ದೆ. ಅದಕ್ಕ ನನಗ ವಿಷದಾಕಿ ಅಂದ್ರಿ.”

ಅಂದು ಶಿವವ್ವ ಮೊದಲ ಸಲ ಆ ಅಡುಗೆಮನೆಗೆ ಕಾಲಿಟ್ಟಳು. ಸೀಸೆಯನ್ನು ತನ್ನ ಕೈಯಾರೆ ಮಾಂಸದ ಡಬ್ಬಿಯ ಮಗ್ಗುಲಲ್ಲಿಟ್ಟಳು. “ನಂದ ತಪ್ಪವ್ವಾ,” ಅಂದಳು. ಆದರೂ ಮೇಲಿನ ಖಾನೆ ತೆರೆದು ಒಮ್ಮೆ ಇಣುಕಿದಳು. ಸ್ವಭಾವ ಎಲ್ಲಿ ಹೋದೀತು?

ಕರ್ಯಾ ಈಗ ಮತ್ತೆ ಕೋಳಿಮರಿಗಳ ಮೇಲೆ ಕಣ್ಣು ಹಾಕುವಷ್ಟು ಗಟ್ಟಿಯಾಗಿದ್ದಾನೆ. ಆದರೆ ಮಹೆಜಬೀನ ಕೊಟ್ಟ ಚಹಾವನ್ನು ಓಣಿಯ ಕೆಲವರು ಇನ್ನೂ ಮೂಸಿ ಕೆಳಗಿಡುತ್ತಾರೆ. ಇದನ್ನು ಓದುತ್ತಿರುವ ನೀವೂ ಆ ಸಂಜೆ ಕಿಟಕಿಯಲ್ಲಿ ನಿಂತು “ಇರಬಹುದು” ಅಂದವರಾದರೆ, ಅವಳ ಹೊಸ್ತಿಲಿಗೆ ಹೋಗಿ. ಎಲ್ಲರಿಗೂ ಕೇಳುವ ಹಾಗೆ ಹೊರಿಸಿದ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ವಾಪಸ್ ತೆಗೆದುಕೊಳ್ಳಿ.